ಹೆಸರಿಡುವ ಅವಸರ

ಮನೆಯಲ್ಲಿ ಯಾರಿಗಾದರೂ ತಲೆ ತಿರುಗಿತೆಂದರೆ ಸಾಕು, ನಮ್ಮಲ್ಲಿ ನೆರೆಹೊರೆಯವರೆಲ್ಲರೂ ವೈದ್ಯರಾಗಿಬಿಡುತ್ತಾರೆ. ಒಬ್ಬರ ಪ್ರಕಾರ ಅದು ಪಿತ್ತ, ಇನ್ನೊಬ್ಬರಿಗೆ ಅದು ಗ್ಯಾಸ್, ಮತ್ತೊಬ್ಬರಿಗೆ ರಕ್ತದೊತ್ತಡ, ಮಗದೊಬ್ಬರಿಗೆ ಬರೀ ನಿಶ್ಶಕ್ತಿ. ಹಿರಿಯರಿದ್ದರೆ ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಾರೆ. ಇಷ್ಟೆಲ್ಲ ಆದ ಬಳಿಕ ಆಸ್ಪತ್ರೆಗೆ ಹೋದರೆ ಅಲ್ಲಿಯೂ ಅನೇಕ ವೇಳೆ ಐದೇ ನಿಮಿಷದಲ್ಲಿ ಒಂದು ಹೆಸರು ಸಿದ್ಧವಾಗಿರುತ್ತದೆ: ಕತ್ತಿನ ಮೂಳೆ ಸವೆದಿದೆ, ಇಲ್ಲವೇ ಇದು ಒಳಕಿವಿಯ ಮೆನಿಯೇರ್ ಕಾಯಿಲೆ. ಹೆಸರು ದೊರೆತೊಡನೆ ಮನೆಮಂದಿಗೆ ನೆಮ್ಮದಿ, ವೈದ್ಯರಿಗೆ ಬಿಡುವು, ಔಷಧ ಅಂಗಡಿಗೆ ವ್ಯಾಪಾರ. ರೋಗಿಗೆ ಮಾತ್ರ ಮುಂದಿನ ವಾರ ಮತ್ತೆ ತಲೆ ತಿರುಗುತ್ತದೆ.

ಪ್ರಿಯ ಓದುಗರೇ, ಈ ಲೇಖನದಲ್ಲಿ ನಾನು ಪ್ರತಿಪಾದಿಸಬಯಸುವುದು ಒಂದೇ ವಿಚಾರ. ಒಳಕಿವಿಯ ಕಾಯಿಲೆಗಳ ವಿಷಯದಲ್ಲಿ ಅವಸರದಿಂದ ಕೊಟ್ಟ ಹೆಸರಿಗಿಂತ ಪ್ರಾಮಾಣಿಕವಾಗಿ ಹೇಳಿದ 'ಇನ್ನೂ ತಿಳಿದಿಲ್ಲ' ಎಂಬ ಮಾತು ಸಾವಿರ ಪಾಲು ಮೇಲು. ಆದರೆ ಹಾಗೆ ಹೇಳಿದವರು ರೋಗಿಯ ಕೈಬಿಡಬಾರದು. ಹಾಗೆ ಕೇಳಿಸಿಕೊಂಡ ನಾವು ರೋಗಿಯನ್ನು ಅನುಮಾನಿಸಬಾರದು. ಇಂದು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಹೆಸರು ಸಿಕ್ಕರೆ ರೋಗಿಯನ್ನು ಮರೆಯುತ್ತೇವೆ. ಹೆಸರು ಸಿಗದಿದ್ದರೆ ರೋಗವನ್ನೇ ನಂಬುವುದಿಲ್ಲ. ಎರಡೂ ಅನ್ಯಾಯವೇ.

ಕಾಣದ ಅಂಗ, ಮರೆಮಾಚುವ ರೋಗ

ಕಿವಿ ಇರುವುದು ಕೇಳುವುದಕ್ಕೆ ಎಂದು ನಾವು ಬಲ್ಲೆವು. ಆದರೆ ನಾವು ನೆಟ್ಟಗೆ ನಿಲ್ಲುವುದೂ ನಡೆಯುವುದೂ ಕಿವಿಯ ದಯೆಯಿಂದಲೇ ಎಂಬುದು ಬಹುಮಂದಿಗೆ ತಿಳಿಯದು. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ, ಶಂಖದಂತೆ ಸುರುಳಿಗೊಂಡ ಭಾಗವೊಂದಿದೆ. ಅದಕ್ಕೆ ಹೊಂದಿಕೊಂಡೇ ತಲೆಯ ತಿರುಗುವಿಕೆಯನ್ನು ಅಳೆಯುವ ಮೂರು ಅರೆವೃತ್ತದ ನಾಳಗಳೂ, ಸುಣ್ಣದ ಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಪುಟ್ಟ ಚೀಲಗಳೂ ಇವೆ. ಇವೆಲ್ಲದರೊಳಗೆ ದ್ರವ ತುಂಬಿದೆ. ಈ ಸಮಸ್ತ ವ್ಯವಸ್ಥೆಯೂ ದೇಹದ ಅತ್ಯಂತ ಗಟ್ಟಿ ಮೂಳೆಗಳಲ್ಲೊಂದರ ಒಳಗೆ ಹುದುಗಿದೆ. ಯಕೃತ್ತಿನಿಂದಲೋ ಚರ್ಮದಿಂದಲೋ ಚೂರು ತೆಗೆದು ಪರೀಕ್ಷಿಸುವಂತೆ ಬದುಕಿರುವ ಮನುಷ್ಯನ ಒಳಕಿವಿಯಿಂದ ಚೂರು ತೆಗೆಯಲಾಗದು. ತೆಗೆದರೆ ಶ್ರವಣವೇ ಹೋದೀತು. ಆದುದರಿಂದ ಇಲ್ಲಿ ರೋಗನಿರ್ಣಯದ ಮೊದಲ ಸಾಧನ ಯಂತ್ರವಲ್ಲ, ರೋಗಿಯ ಮಾತು.

ಮಾತಿಗೆ ನಮ್ಮ ಭಾಷೆಯಲ್ಲಿ ಬಡತನವೂ ಇಲ್ಲ. 'ಕಣ್ಣು ಕತ್ತಲೆ ಬಂತು' ಎನ್ನುವವನಿಗೂ 'ಮನೆಯೇ ಗಿರಗಿರನೆ ಸುತ್ತಿತು' ಎನ್ನುವವನಿಗೂ ವ್ಯತ್ಯಾಸವಿದೆ. 'ದೋಣಿಯಲ್ಲಿ ಕುಳಿತಂತೆ ತೂಗುತ್ತದೆ' ಎನ್ನುವವಳದು ಮತ್ತೊಂದು ಬಗೆಯ ಅನುಭವ. ಮೊದಲನೆಯದು ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದರಿಂದ ಆಗಿರಬಹುದು. ಎರಡನೆಯದು ಒಳಕಿವಿಯತ್ತ ಕೈತೋರಿಸಬಹುದು. ಆದರೆ ಎಲ್ಲವನ್ನೂ 'ತಲೆಸುತ್ತು' ಎಂಬ ಒಂದೇ ಚೀಲಕ್ಕೆ ತುಂಬಿ, ಎಲ್ಲರಿಗೂ ಒಂದೇ ಮಾತ್ರೆ ಬರೆಯುವ ಪದ್ಧತಿ ಬೆಳೆದುಬಿಟ್ಟಿದೆ.

ಬಗೆಯಷ್ಟೇ ಅಲ್ಲ, ಅವಧಿಯೂ ಮುಖ್ಯ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ಅಟ್ಟದತ್ತ ತಲೆ ಎತ್ತಿದಾಗ ಕೆಲವೇ ಸೆಕೆಂಡು ಎಲ್ಲವೂ ಸುತ್ತಿ ನಿಂತರೆ, ಸುಣ್ಣದ ಹರಳುಗಳು ತಮ್ಮ ಜಾಗ ಬಿಟ್ಟು ನಾಳದೊಳಗೆ ಜಾರಿರುವ ಸಂಭವವೇ ಹೆಚ್ಚು. ಮೆನಿಯೇರ್ ಕಾಯಿಲೆಯ ಸುತ್ತು 20 ನಿಮಿಷದಿಂದ 12 ಗಂಟೆಯವರೆಗೆ ಇರುತ್ತದೆ; ಜೊತೆಗೆ ಒಂದು ಕಿವಿ ತುಂಬಿದಂತಾಗುತ್ತದೆ, ಮೊರೆಯುತ್ತದೆ, ಮಂದವಾಗುತ್ತದೆ. ಮೈಗ್ರೇನಿಗೆ ಸೇರಿದ ತಲೆಸುತ್ತು 5 ನಿಮಿಷದಿಂದ 72 ಗಂಟೆಯವರೆಗೂ ಎಳೆಯಬಹುದು; ಆ ಹೊತ್ತಿನಲ್ಲಿ ತಲೆನೋವು ಬರಲೇಬೇಕೆಂಬ ನಿಯಮವಿಲ್ಲ. ದಿನಗಟ್ಟಲೆ ಬಿಡದೆ ಸುತ್ತಿದರೆ ಅದು ನರದ ಉರಿಯೂತವಿರಬಹುದು, ಮೆದುಳಿನ ಆಘಾತವೂ ಇರಬಹುದು. ಇಷ್ಟನ್ನು ತಿಳಿಯುವುದಕ್ಕೆ ಬೇಕಾದುದು 'ಎಷ್ಟು ಹೊತ್ತು? ಏನು ಮಾಡುವಾಗ? ಕಿವಿಯಲ್ಲಿ ಏನಾಯಿತು?' ಎಂಬ ಮೂರು ಪ್ರಶ್ನೆ. ಈ ಮೂರನ್ನೂ ಕೇಳದೆ ಕೊಟ್ಟ ಹೆಸರು ರೋಗನಿರ್ಣಯವಲ್ಲ, ಊಹೆ.

ಕೇಳಿದ ಮೇಲೂ ಸಂದೇಹ ಉಳಿಯಬಹುದೆಂಬುದು ನಿಜ. ಮೆನಿಯೇರ್ ಕಾಯಿಲೆಯ ಆರಂಭದಲ್ಲಿ ಸುತ್ತು ನಿಂತೊಡನೆ ಶ್ರವಣವೂ ಮರಳಿಬರುತ್ತದೆ. ಸುತ್ತು ಬಂದ ದಿನ ಎದ್ದು ಆಸ್ಪತ್ರೆಗೆ ಹೋಗುವ ಶಕ್ತಿ ರೋಗಿಗಿಲ್ಲ. ಶಕ್ತಿ ಬಂದು ಹೋದ ದಿನ ಶ್ರವಣ ಪರೀಕ್ಷೆಯ ನಕ್ಷೆ ಸರಿಯಾಗಿಯೇ ಬರುತ್ತದೆ. ಕೆಲವರಲ್ಲಿ ಮೊದಲು ಸುತ್ತು ಮಾತ್ರ ಕಾಣಿಸಿಕೊಂಡು ಶ್ರವಣದೋಷ ವರ್ಷಗಳ ನಂತರ ಬರುತ್ತದೆ. ಕೆಲವರಲ್ಲಿ ಇದು ಹಿಂದುಮುಂದಾಗುತ್ತದೆ. ಮೈಗ್ರೇನ್ ಮತ್ತು ಮೆನಿಯೇರ್ ಒಬ್ಬರಲ್ಲೇ ಜೊತೆಯಾಗಿ ಇರುವುದೂ ಉಂಟು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿಗೂ ಒಪ್ಪದು. ಕಾಲವೇ ಹೇಳಬೇಕಾದ ಉತ್ತರವನ್ನು ಐದು ನಿಮಿಷದಲ್ಲಿ ಹೇಳಿಬಿಡುವವರು ರೋಗಿಗೆ ಉಪಕಾರ ಮಾಡುತ್ತಿಲ್ಲ.

ಆ ಹೆಸರಿನ ಚರಿತ್ರೆಯೇ ಎಚ್ಚರಿಕೆ

ಈ ರೋಗಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ವೈದ್ಯನ ಕಥೆಯನ್ನೇ ನೋಡಿ. 19ನೆಯ ಶತಮಾನದ ಮಧ್ಯದವರೆಗೆ ಯೂರೋಪಿನಲ್ಲಿ ತಲೆಸುತ್ತೆಂದರೆ ಮೆದುಳಿಗೆ ರಕ್ತ ನುಗ್ಗಿದ್ದೆಂದು ತೀರ್ಮಾನವಾಗಿತ್ತು. ಆ ಹೆಸರಿನ ಬಲದಿಂದ ರೋಗಿಗಳ ರಕ್ತ ಹರಿಸಲಾಗುತ್ತಿತ್ತು, ಜಿಗಣೆ ಹಚ್ಚಲಾಗುತ್ತಿತ್ತು, ಭೇದಿಯ ಔಷಧ ಕೊಡಲಾಗುತ್ತಿತ್ತು. ಪ್ಯಾರಿಸ್ಸಿನ ಕಿವುಡ-ಮೂಗರ ಸಂಸ್ಥೆಯ ವೈದ್ಯರಾಗಿದ್ದ ಪ್ರಾಸ್ಪರ್ ಮೆನಿಯೇರ್ ಅಲ್ಲಿ ಕಿವಿಯ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದರು. 1861ರಲ್ಲಿ ಅವರು ಅಲ್ಲಿನ ವೈದ್ಯಕೀಯ ಅಕಾಡೆಮಿಯ ಮುಂದೆ ನಿಂತು, ಈ ಸುತ್ತಿನ ಮೂಲ ಮೆದುಳಲ್ಲ, ಒಳಕಿವಿ ಎಂದು ವಾದಿಸಿದರು. ಅಂದಿನ ಪಂಡಿತರು ಅದನ್ನು ಹಾರ್ದಿಕವಾಗಿ ಬರಮಾಡಿಕೊಳ್ಳಲಿಲ್ಲ. ಮರುವರ್ಷವೇ ಮೆನಿಯೇರ್ ತೀರಿಕೊಂಡರು.

ಇನ್ನೊಂದು ವಿಪರ್ಯಾಸವನ್ನೂ ಗಮನಿಸಿ. ತಮ್ಮ ವಾದಕ್ಕೆ ಆಧಾರವಾಗಿ ಅವರು ತರುಣಿಯೊಬ್ಬಳ ಶವಪರೀಕ್ಷೆಯನ್ನು ಉಲ್ಲೇಖಿಸಿದ್ದರು. ಆಕೆಗಿದ್ದುದು ಇಂದು ನಾವು ಮೆನಿಯೇರ್ ಎಂದು ಕರೆಯುವ ರೋಗವಲ್ಲವೆಂದು ನಂತರದ ತಜ್ಞರು ಬಹುಮಟ್ಟಿಗೆ ಒಪ್ಪಿದ್ದಾರೆ. ಮೆನಿಯೇರ್ ಅವರ ಒಳನೋಟ ಸರಿಯಾಗಿತ್ತು, ಆ ಉದಾಹರಣೆ ಸರಿಯಾಗಿರಲಿಲ್ಲ. 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್ ಹಾಗೂ ಜಪಾನಿನ ಯಮಕಾವ ಎಂಬವರು ಪ್ರತ್ಯೇಕವಾಗಿ, ಸತ್ತ ರೋಗಿಗಳ ಒಳಕಿವಿಯಲ್ಲಿ ದ್ರವದ ಒತ್ತಡದಿಂದ ಪೊರೆಗಳು ಉಬ್ಬಿಕೊಂಡಿರುವುದನ್ನು ಕಂಡರು. ರಹಸ್ಯ ಬಿಡಿಸಿತೆಂದು ಲೋಕ ಭಾವಿಸಿತು. ಆದರೆ ಜೀವಮಾನದಲ್ಲಿ ಒಮ್ಮೆಯೂ ಇಂಥ ಸುತ್ತು ಅನುಭವಿಸದವರ ಒಳಕಿವಿಯಲ್ಲೂ ಅದೇ ಉಬ್ಬು ಮುಂದೆ ಕಂಡುಬಂತು. ಉಬ್ಬು ರೋಗದ ಕಾರಣವೋ ಗುರುತೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. 2007ರಿಂದೀಚೆಗೆ ವಿಶೇಷ ಎಂ.ಆರ್.ಐ. ಚಿತ್ರಣದಿಂದ ಬದುಕಿರುವವರಲ್ಲೂ ಆ ಉಬ್ಬನ್ನು ಕಾಣಲು ಸಾಧ್ಯವಾಗಿದೆ. ಆದರೂ ಚಿತ್ರವೊಂದೇ ತೀರ್ಪು ಕೊಡಲಾರದು.

ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘವು 1972, 1985 ಮತ್ತು 1995ರಲ್ಲಿ ಈ ರೋಗವನ್ನು ಗುರುತಿಸುವ ಸೂತ್ರಗಳನ್ನು ತಿದ್ದಿ ತಿದ್ದಿ ಬರೆಯಿತು. 1995ರ ಸೂತ್ರದಲ್ಲಿ ಎಲ್ಲಕ್ಕಿಂತ ಮೇಲಿನ, ಸಂಶಯಾತೀತವಾದ ಮೆಟ್ಟಿಲಿಗೆ ಏನು ಬೇಕಾಗಿತ್ತು ಗೊತ್ತೇ? ಒಳಕಿವಿಯ ಊತಕವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಪಡೆದ ಪುರಾವೆ. ಅರ್ಥಾತ್, ಸಾಮಾನ್ಯವಾಗಿ ರೋಗಿ ಸತ್ತ ಮೇಲೆ! 2015ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಆ ಮೆಟ್ಟಿಲನ್ನು ಕೈಬಿಟ್ಟು, 'ಖಚಿತ' ಮತ್ತು 'ಸಂಭವನೀಯ' ಎಂಬ ಎರಡನ್ನು ಮಾತ್ರ ಉಳಿಸಿದರು. ಖಚಿತವೆನ್ನಲು ಕನಿಷ್ಠ ಎರಡು ಸುತ್ತು ಬಂದಿರಬೇಕು, ಶ್ರವಣ ಪರೀಕ್ಷೆಯಲ್ಲಿ ದೋಷ ದಾಖಲಾಗಿರಬೇಕು, ಬೇರೆ ಯಾವ ಕಾಯಿಲೆಯೂ ಇದನ್ನು ಹೆಚ್ಚು ಚೆನ್ನಾಗಿ ವಿವರಿಸುವಂತಿರಬಾರದು. ಜಗತ್ತಿನ ತಜ್ಞರೇ 'ಸಂಭವನೀಯ' ಎಂಬ ಪದವನ್ನು ನಾಚಿಕೆಯಿಲ್ಲದೆ ಬಳಸುವಾಗ, ನಮ್ಮ ಊರಿನ ಚೀಟಿಯಲ್ಲಿ ಆ ಪದ ಏಕೆ ಕಾಣಿಸುವುದಿಲ್ಲ?

ಸುತ್ತು ನಿಂತರೆ ಯಾರಿಗೆ ಕೀರ್ತಿ?

'ಹೆಸರು ಏನೇ ಇರಲಿ, ಮಾತ್ರೆಯಿಂದ ವಾಸಿಯಾಯಿತಲ್ಲ' ಎನ್ನುವವರಿದ್ದಾರೆ. ಇಲ್ಲಿಯೇ ಅತಿ ದೊಡ್ಡ ಮೋಸವಿರುವುದು. ಒಳಕಿವಿಯ ಬಹುತೇಕ ಕಾಯಿಲೆಗಳು ಉಬ್ಬರವಿಳಿತದ ಕಾಯಿಲೆಗಳು. ಸುತ್ತು ಬರುತ್ತದೆ, ಹೋಗುತ್ತದೆ, ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಬರುತ್ತದೆ. ಇಳಿತದ ಹೊತ್ತಿನಲ್ಲಿ ಯಾರು ಪಕ್ಕದಲ್ಲಿದ್ದರೋ ಅವರಿಗೆ ಕೀರ್ತಿ. ಮಾತ್ರೆ ನುಂಗಿದ್ದರೆ ಮಾತ್ರೆಗೆ, ಕತ್ತಿಗೆ ಪಟ್ಟಿ ಕಟ್ಟಿದ್ದರೆ ಪಟ್ಟಿಗೆ, ತಾಯತ ಕಟ್ಟಿದ್ದರೆ ತಾಯತಕ್ಕೆ. ಪ್ರಾರ್ಥನಾ ಕೂಟದ ವೇದಿಕೆ ಹತ್ತಿ 'ನನಗೆ ಪೂರ್ಣ ಗುಣವಾಯಿತು' ಎಂದು ಸಾಕ್ಷಿ ಹೇಳಿದವರು ಮೂರು ತಿಂಗಳ ನಂತರ ಮತ್ತೆ ಹಾಸಿಗೆ ಹಿಡಿದಾಗ, 'ನಿನಗೆ ವಿಶ್ವಾಸ ಸಾಲದು' ಎಂದು ಅವರನ್ನೇ ದೂರುವುದು ಕ್ರೌರ್ಯ. ಪ್ರಾರ್ಥನೆಗೆ ಅದರ ಸ್ಥಾನವಿದೆ; ರೋಗಿಯ ಮೇಲೆ ಹೊರೆ ಹೊರಿಸುವುದು ಅದರ ಕೆಲಸವಲ್ಲ.

ನಮ್ಮ ದೇಶದಲ್ಲಿ ತಲೆಸುತ್ತಿಗೆ ಧಾರಾಳವಾಗಿ ಬರೆಯುವ ಔಷಧ ಬೀಟಾಹಿಸ್ಟಿನ್. ಜರ್ಮನಿಯಲ್ಲಿ 221 ಮಂದಿ ಮೆನಿಯೇರ್ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕಡಿಮೆ ಪ್ರಮಾಣದಲ್ಲಿ, ಇನ್ನೊಂದಕ್ಕೆ ಹೆಚ್ಚು ಪ್ರಮಾಣದಲ್ಲಿ ಈ ಔಷಧವನ್ನೂ, ಮೂರನೆಯದಕ್ಕೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ 9 ತಿಂಗಳ ಕಾಲ ಕೊಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಕಣ್ತೆರೆಸುವಂಥದು. ಮೂರು ಗುಂಪಿನಲ್ಲೂ ಸುತ್ತು ಕಡಿಮೆಯಾಗಿತ್ತು. ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಉಪ್ಪು ಕಡಿಮೆ ಮಾಡಬೇಕೆಂಬ ಬಹುಕಾಲದ ಸಲಹೆಗೂ ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲವೆಂದು 2023ರ ಕಾಕ್ರೇನ್ ಪರಾಮರ್ಶೆ ತೋರಿಸಿತು. ಇದರರ್ಥ ವೈದ್ಯರು ಹೇಳಿದ ಔಷಧವನ್ನು ನಾಳೆಯೇ ಬಿಟ್ಟುಬಿಡಿ ಎಂದಲ್ಲ. ವಾಸಿಯಾದುದರಿಂದ ಹೆಸರು ಸರಿಯೆಂದು ಸಾಬೀತಾಗುವುದಿಲ್ಲ ಎಂದಷ್ಟೇ ಇದರರ್ಥ.

ತಪ್ಪು ಹೆಸರಿಗೆ ತೆರುವ ಬೆಲೆಯೂ ಚಿಕ್ಕದಲ್ಲ. ಹರಳು ಜಾರಿದ್ದರಿಂದ ಬಂದ ಸುತ್ತಿಗೆ, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಮರಳಿಸುವ ವಿಧಾನವೊಂದನ್ನು ಅಮೆರಿಕದ ವೈದ್ಯ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾದುದು ಒಂದು ಮಂಚ ಮತ್ತು ಕೆಲವೇ ನಿಮಿಷ. ಅಂಥ ರೋಗಿಗೆ ಮೆನಿಯೇರ್ ಎಂಬ ಹೆಸರಿಟ್ಟು ವರ್ಷಗಟ್ಟಲೆ ಮಾತ್ರೆ ನುಂಗಿಸುವುದು ನ್ಯಾಯವೇ? ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್‌ನಂಥ ಮಾತ್ರೆಗಳು ಸುತ್ತಿನ ತೀವ್ರತೆಯನ್ನು ಕೆಲವು ದಿನ ತಗ್ಗಿಸಬಲ್ಲವು. ಆದರೆ ಅವನ್ನು ತಿಂಗಳುಗಟ್ಟಲೆ ನುಂಗಿದರೆ, ಸಮತೋಲನವನ್ನು ಹೊಸದಾಗಿ ಕಲಿಯುವ ಮೆದುಳಿನ ಸಾಮರ್ಥ್ಯ ಕುಂದುತ್ತದೆ; ಮುದುಕರಲ್ಲಿ ಕೈನಡುಕ, ಜಡ ನಡಿಗೆ ಕಾಣಿಸಿಕೊಂಡು ಪಾರ್ಕಿನ್ಸನ್ ರೋಗವೆಂಬ ಮತ್ತೊಂದು ತಪ್ಪು ಹೆಸರಿಗೆ ದಾರಿಯಾಗುತ್ತದೆ. ಇನ್ನು ಮೆನಿಯೇರ್‌ಗೆ ಕೊನೆಯ ಹಂತದಲ್ಲಿ ಮಾಡುವ ಚಿಕಿತ್ಸೆಗಳು ಹಿಂತಿರುಗಲಾಗದ ದಾರಿಗಳು. ಕಿವಿಗೆ ಚುಚ್ಚುವ ಜೆಂಟಾಮೈಸಿನ್ ಸಮತೋಲನದ ಜೀವಕೋಶಗಳನ್ನು ನಾಶಮಾಡುತ್ತದೆ, ಶ್ರವಣಕ್ಕೂ ಕುತ್ತು ತರಬಹುದು. ಒಳಕಿವಿಯನ್ನು ತೆಗೆಯುವ ಶಸ್ತ್ರಕ್ರಿಯೆಯಿಂದ ಆ ಕಿವಿ ಶಾಶ್ವತವಾಗಿ ಕಿವುಡಾಗುತ್ತದೆ. ಹೆಸರು ತಪ್ಪಾಗಿದ್ದರೆ ಕಳೆದುಕೊಂಡ ಕಿವಿಯನ್ನು ಯಾರು ತಂದುಕೊಡುತ್ತಾರೆ?

ಎರಡು ಆಕ್ಷೇಪಗಳು

ವೈದ್ಯರ ಪರವಾಗಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ತಾಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಾಲು ಬಾಗಿಲಿನಾಚೆ ಬೆಳೆದಿರುವಾಗ ಒಬ್ಬರ ಕಥೆಯನ್ನು ಅರ್ಧ ಗಂಟೆ ಕೇಳಲು ಯಾರಿಗೆ ಬಿಡುವಿದೆ? ಇದು ಸತ್ಯ. ಆದರೆ ಬಿಡುವಿಲ್ಲದ ವೈದ್ಯರೂ 'ನನಗೆ ಸಂದೇಹವಿದೆ, ಶ್ರವಣ ಪರೀಕ್ಷೆ ಮಾಡಿಸಿ, ಸುತ್ತು ಬಂದ ದಿನಾಂಕ ಬರೆದಿಟ್ಟು ಬನ್ನಿ' ಎಂದು ಚೀಟಿಯಲ್ಲಿ ಬರೆಯಬಹುದು. ಅದಕ್ಕೆ ಅರ್ಧ ನಿಮಿಷ ಸಾಕು. ಬೇಕಾದುದು ಸಮಯಕ್ಕಿಂತ ಹೆಚ್ಚಾಗಿ ವಿನಯ. ಸರ್ಕಾರದ ಪಾಲೂ ಇಲ್ಲಿದೆ. 1960ರ ದಶಕದಲ್ಲೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಪಡೆದ ನಾಡು ನಮ್ಮದು. ಅಂಥ ನಾಡಿನ ಹಳ್ಳಿಯವರು ಒಂದು ಶ್ರವಣ ಪರೀಕ್ಷೆಗಾಗಿ ತಲೆ ತಿರುಗುತ್ತಿರುವಾಗಲೇ ಎರಡು ಬಸ್ಸು ಬದಲಿಸಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗುವುದು ಶೋಭೆಯೇ?

ಎರಡನೆಯ ಆಕ್ಷೇಪ ಇನ್ನೂ ಮಾನವೀಯವಾದುದು. 'ರೋಗಿಗೆ ಹೆಸರು ಬೇಕು, ಹೆಸರಿಲ್ಲದಿದ್ದರೆ ಹೆದರುತ್ತಾನೆ.' ನಿಜ, ಹೆಸರಿಲ್ಲದ ಭಯ ದೊಡ್ಡದು. ಆದರೆ ಆ ಭಯವನ್ನು ಓಡಿಸಲು ಸುಳ್ಳು ನಿಶ್ಚಯವನ್ನು ಕೊಡುವುದೆಂದರೆ ಹಸಿದ ಮಗುವಿಗೆ ಬೆರಳು ಚೀಪಿಸಿದಂತೆ. ಯೋಬನ ಸ್ನೇಹಿತರನ್ನು ನೆನೆಯಿರಿ. ಬೂದಿಯ ಮೇಲೆ ಕುಳಿತಿದ್ದ ಅವನ ಬಳಿ ಅವರು ಏಳು ದಿನ ಮೌನವಾಗಿ ಕುಳಿತಿದ್ದರು. ಅದು ಅವರು ಮಾಡಿದ ಅತ್ಯುತ್ತಮ ಸೇವೆ. ಬಾಯಿ ತೆರೆದು ಅವನ ನೋವಿಗೆ ಕಾರಣ ಹುಡುಕತೊಡಗಿದಾಗ ಅವರು ಸಾಂತ್ವನಗಾರರಾಗಿ ಉಳಿಯಲಿಲ್ಲ, ಆರೋಪಿಸುವವರಾದರು.

ಆರೋಪಿಸುವ ಸಮಾಜ

ಈಗ ನಮ್ಮ ಕಡೆಗೇ ತಿರುಗೋಣ. ಸುತ್ತು ಬರುವ ಮನುಷ್ಯ ಹೊರಗಿನಿಂದ ಆರೋಗ್ಯವಂತನಾಗಿಯೇ ಕಾಣುತ್ತಾನೆ. ಗಾಯವಿಲ್ಲ, ಜ್ವರವಿಲ್ಲ, ಊದಿಕೊಂಡಿಲ್ಲ. ನಿನ್ನೆ ಮದುವೆ ಮನೆಯಲ್ಲಿ ನಗುನಗುತ್ತಾ ಓಡಾಡಿದ ಸೊಸೆ ಇಂದು ಗೋಡೆ ಹಿಡಿದು ನಡೆದರೆ 'ಕೆಲಸ ತಪ್ಪಿಸುವ ನಾಟಕ' ಎನ್ನುತ್ತೇವೆ. ಅಡಿಕೆ ಮರ ಹತ್ತುವ ಕೂಲಿಯವನು 'ಇಂದು ಆಗುವುದಿಲ್ಲ' ಎಂದರೆ ಕುಡಿತದ ಅಮಲು ಎನ್ನುತ್ತೇವೆ. ಸಂಶಯ ಪಟ್ಟು ಮರ ಹತ್ತಿಸಿದರೆ ಆಗುವ ಅನಾಹುತಕ್ಕೆ ಹೊಣೆ ಯಾರು? ಶಿಕ್ಷಕಿಯೊಬ್ಬಳು ರಜೆ ಕೇಳಿದರೆ 'ಕಾಯಿಲೆಯ ಹೆಸರು ಬರೆದ ಪ್ರಮಾಣಪತ್ರ ಎಲ್ಲಿ?' ಎಂದು ಕೇಳುತ್ತೇವೆ. ವರದಿಗಳೆಲ್ಲ ಸರಿಯಾಗಿಯೇ ಬಂದಾಗ 'ಎಲ್ಲ ಮನಸ್ಸಿನದ್ದು' ಎಂದು ತೀರ್ಪು ಕೊಡುತ್ತೇವೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎನ್ನುವುದಕ್ಕೂ ಏನೂ ಇಲ್ಲ ಎನ್ನುವುದಕ್ಕೂ ಅಂತರವಿದೆ ಎಂಬುದನ್ನು ಮರೆಯುತ್ತೇವೆ. ಮುಂದಿನ ಸುತ್ತು ಯಾವಾಗ ಬಂದೀತೋ ಎಂದು ಹಗಲಿರುಳು ಕಾಯುವವನ ಮನಸ್ಸು ಕುಗ್ಗುವುದು ಸಹಜ. ಆದರೆ ಕುಗ್ಗಿದ ಮನಸ್ಸು ರೋಗದ ಫಲ, ರೋಗ ಸುಳ್ಳೆಂಬುದಕ್ಕೆ ಸಾಕ್ಷಿಯಲ್ಲ.

ಕಾನೂನಿನ ಕಣ್ಣಿಗೂ ಇವರು ಕಾಣಿಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿತು. ಅದೊಂದು ದೊಡ್ಡ ಹೆಜ್ಜೆಯೇ ಸರಿ. ಆದರೆ ಆ ಪಟ್ಟಿಯಲ್ಲಿ ಸಮತೋಲನದ ದೋಷವೆಂಬುದಿಲ್ಲ. ಶ್ರವಣದೋಷವನ್ನು ಮನ್ನಿಸಲು ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟವಿರಬೇಕು. ಮೆನಿಯೇರ್ ಸಾಮಾನ್ಯವಾಗಿ ಆರಂಭವಾಗುವುದು ಒಂದೇ ಕಿವಿಯಲ್ಲಿ. ಹೀಗೆ ಒಂದು ಕಿವಿ ಹೋಗಿ, ನಡೆಯುವ ಧೈರ್ಯವೂ ಹೋದವನು ಕಾಗದದ ಮೇಲೆ ಪೂರ್ಣ ಆರೋಗ್ಯವಂತ!

ನಮ್ಮಿಂದ ಏನಾಗಬೇಕು?

ಸಂದೇಹವನ್ನು ಗೌರವಿಸಿ ಎಂದರೆ ಸುಮ್ಮನೆ ಕುಳಿತಿರಿ ಎಂದಲ್ಲ. ಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಆಧಾರವಿಲ್ಲದೆ ನಿಲ್ಲಲಾಗದಿದ್ದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಅರೆಕ್ಷಣವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಅದು ಮೆದುಳಿನ ಆಘಾತವಿರಬಹುದು. ಮೊದಲ ಒಂದೆರಡು ದಿನ ಎಂ.ಆರ್.ಐ. ಚಿತ್ರದಲ್ಲಿಯೂ ಅದು ಕಾಣದೆ ಹೋಗಬಹುದು. ಆದ್ದರಿಂದ ಚಿತ್ರ ಸರಿಯಿದೆಯೆಂದು ಲಕ್ಷಣಗಳನ್ನು ಕಡೆಗಣಿಸಬಾರದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದೂ ತುರ್ತಿನ ಸಂಗತಿಯೇ. ಚಿಕಿತ್ಸೆ ತಡವಾದಷ್ಟೂ ಶ್ರವಣ ಮರಳುವ ಆಸೆ ಕ್ಷೀಣಿಸುತ್ತದೆ.

ಈ ಅಪಾಯದ ಗುರುತುಗಳಿಲ್ಲದೆ ಸುತ್ತು ಮರಳಿ ಮರಳಿ ಬರುವವರು ಒಂದು ಪುಟ್ಟ ನೋಟುಪುಸ್ತಕ ಇಟ್ಟುಕೊಳ್ಳಿ. ದಿನಾಂಕ, ಎಷ್ಟು ಹೊತ್ತು ಸುತ್ತಿತು, ಯಾವ ಕಿವಿ ಮೊರೆಯಿತು, ತಲೆನೋವಿತ್ತೇ, ಬೆಳಕು ಸದ್ದು ಸಹಿಸದಾಯಿತೇ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂಬಿಷ್ಟನ್ನು ಬರೆದಿಡಿ. ಆರು ತಿಂಗಳ ಆ ಪುಸ್ತಕ ವೈದ್ಯರಿಗೆ ಎಷ್ಟೋ ದುಬಾರಿ ಪರೀಕ್ಷೆಗಿಂತ ಹೆಚ್ಚು ಹೇಳೀತು. ವೈದ್ಯರ ಬಳಿ 'ಇದು ಖಚಿತವೋ, ಸಂಭವನೀಯವೋ?' ಎಂದು ವಿನಯದಿಂದ ಕೇಳಿ, ಕೇಳುವುದು ಅವಿಧೇಯತೆಯಲ್ಲ. 'ನನಗಿನ್ನೂ ಖಚಿತವಾಗಿಲ್ಲ, ಒಟ್ಟಾಗಿ ಹುಡುಕೋಣ' ಎನ್ನುವ ವೈದ್ಯರು ಸಿಕ್ಕರೆ ಅವರನ್ನು ಬಿಟ್ಟು ಮತ್ತೊಬ್ಬರ ಬಾಗಿಲಿಗೆ ಓಡಬೇಡಿ. ಆತುರದ ಹೆಸರಿಗೆ ಗಿರಾಕಿಗಳು ನಾವೇ ಆಗಿರುವುದರಿಂದಲೇ ಅದರ ವ್ಯಾಪಾರ ಇಷ್ಟು ಚೆನ್ನಾಗಿ ನಡೆಯುತ್ತಿದೆ.

ಮನೆಯವರಿಗೂ ನೆರೆಯವರಿಗೂ ಒಂದು ಮಾತು. ಅವರ ಕಾಯಿಲೆಗೆ ಹೆಸರು ಸಿಗಲು ವರ್ಷಗಳೇ ಹಿಡಿಯಬಹುದು, ಸಿಗದೆಯೂ ಹೋಗಬಹುದು. ಅಲ್ಲಿಯವರೆಗೆ ಅವರನ್ನು ಪ್ರಶ್ನಿಸುವ ಬದಲು ಮೆಟ್ಟಿಲಿಳಿಯುವಾಗ ಒಂದು ಕೈ ಕೊಡಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ ಉರಿಯುತ್ತಿರಲಿ. ಸುತ್ತು ಬಂದಾಗ ಗದ್ದಲ ಮಾಡದೆ ಬಳಿಯಲ್ಲಿ ಕುಳಿತುಕೊಳ್ಳಿ. ಇದಕ್ಕೆ ವೈದ್ಯಶಾಸ್ತ್ರ ಬೇಕಿಲ್ಲ, ಪ್ರಮಾಣಪತ್ರವೂ ಬೇಕಿಲ್ಲ. ರೋಗಕ್ಕೆ ಹೆಸರು ಸಿಕ್ಕದಿರಬಹುದು. ರೋಗಿಗೆ ಒಂದು ಹೆಸರಿದೆ. ಆ ಹೆಸರು ಹಿಡಿದು ಅವರನ್ನು ಕರೆಯಿರಿ.